ಅಳಿವೆಗೆ ಬಿಟ್ಟ ಐದು ತೇಲುಗಳು

ಸಮುದ್ರವನ್ನು ನಾನು ಮೊದಲ ಸಲ ನೋಡಿದ್ದು ಕೆಲಸದ ಮೇಲೆ ಹೋದಾಗ, ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಒಂದೂವರೆ ವರ್ಷ ಮೊದಲಿನಿಂದಲೇ, ಅದರ ನೀರು ಯಾವ ಹೊತ್ತಿನಲ್ಲಿ ಎತ್ತ ಹರಿಯುತ್ತದೆ ಎಂದು ಚಿಕ್ಕಬಳ್ಳಾಪುರದ ಒಂದು ತಗಡಿನ ಶೆಡ್ಡಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿದ್ದೆ. ಕೆಲಸ ಸಿಕ್ಕ ದಿನ ಮನೆಯಲ್ಲಿ ಹೇಳಿದಾಗ ಅಮ್ಮ ನಂಬಲಿಲ್ಲ.

“ಸಮುದ್ರ ಅಳೆಯೋ ಕೆಲಸಾನಾ? ಅದಕ್ಕೆ ಬದು ಎಲ್ಲಿರ್ತದಮ್ಮ?” ಎಂದು ಕೇಳಿದಳು.

ಅಪ್ಪ ನಗಲಿಲ್ಲ. ಅವನು ಸರ್ವೆ ಇಲಾಖೆಯವರ ಹಿಂದೆ ಚೈನು ಹಿಡಿದುಕೊಂಡು ಮಂಡಿಕಲ್ ಹೋಬಳಿಯ ಹೊಲಗಳನ್ನೆಲ್ಲ ಸುತ್ತಿದವನು. ಇನ್ನೊಬ್ಬರ ಜಮೀನನ್ನು ಜೀವನವಿಡೀ ಅಳೆದವನು. ನಮ್ಮದು ಬೌದ್ಧ ಧರ್ಮ ಸ್ವೀಕರಿಸಿದ ಮನೆ. ಅಪ್ಪನ ಕಾಲದಲ್ಲಿ ಕೆಲವು ಹೊಲದವರು ಅವನಿಗೆ ಕುಡಿಯುವ ನೀರನ್ನು ದೂರದಿಂದಲೇ ಸುರಿಯುತ್ತಿದ್ದರಂತೆ. ಹಾಗಾಗಿ ನಾನು ಸರ್ವೆಯಲ್ಲಿ ಡಿಪ್ಲೊಮಾ ಮಾಡಿ, ಚೈನು ಹಿಡಿಯದೆ ಉಪಗ್ರಹದಿಂದ ಅಳೆಯುತ್ತೇನೆ ಎಂದಾಗ, ಅವನು “ಅಳತೆ ಮಾತ್ರ ಸರಿಯಾಗಿರ್ಲಿ” ಎಂದು ಎದ್ದು ಹೋಗಿದ್ದ.

ಕಂಪನಿ ಚಿಕ್ಕದು. ಎಂಟು ಜನ. ಯಜಮಾನರು ಚಿಂತಾಮಣಿಯವರು. ಬಂದರಿನ ಕಾಮಗಾರಿಗಳಲ್ಲಿ ಎಂಜಿನಿಯರಾಗಿದ್ದು, ವಯಸ್ಸು ಐವತ್ತಾದ ಮೇಲೆ ಸ್ವಂತಕ್ಕೆ ಮಾಡಿಕೊಂಡಿದ್ದರು. ಅರ್ಧ ಕನ್ನಡ ಅರ್ಧ ತೆಲುಗು ಮಾತು. ಕೆಲಸ ಹುಡುಕುತ್ತಿದ್ದಾಗ ನಾನು ಹೋದ ಮೂರು ಕಡೆ, ಊರು ಯಾವುದು ಎಂದು ಕೇಳಿ, ಊರಿನಲ್ಲಿ ಯಾವ ಬೀದಿ ಎಂದೂ ಕೇಳಿದ್ದರು. ಇವರು ಕೇಳಿದ್ದು ಒಂದೇ: “ಈಜು ಬರ್ತದೇನಮ್ಮ?” ಬಾವಿಯಲ್ಲಿ ಕಲಿತಿದ್ದೇನೆ ಎಂದೆ. “ಸರಿಪೋಯಿಂದಿ. ಸೋಮವಾರ ಬಾ” ಎಂದರು. ಆ ಎರಡು ಮಾತಿಗೆ ನಾನು ಎಷ್ಟು ಕೃತಜ್ಞಳಾಗಿದ್ದೆನೆಂದರೆ, ಮುಂದೆ ಆದದ್ದೆಲ್ಲ ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ. ಒಂದು ಸಲ ಅವರು ನಮ್ಮ ಮನೆಗೂ ಬಂದರು. ಅಮ್ಮ ಮಾಡಿದ ಮುದ್ದೆ, ಹುರುಳಿಕಾಳು ಸಾರು ಉಂಡು, ಇನ್ನೂ ಒಂದು ಸೌಟು ಹಾಕಿಸಿಕೊಂಡರು. ಅವರು ಹೋದ ಮೇಲೆ ಅಮ್ಮ ಅವರು ಉಂಡ ತಟ್ಟೆ ತೊಳೆಯುತ್ತ ಅತ್ತಿದ್ದಳು.

ನಮ್ಮ ಕೆಲಸ ಹೇಳಲು ಸುಲಭ. ನೀರಿನ ಮೇಲೆ ತೇಲುವ ಒಂದು ಕೊಳವೆ, ಅದರ ತಲೆಯ ಮೇಲೆ ನೀರು ಹೋಗದ ಡಬ್ಬಿ, ಡಬ್ಬಿಯೊಳಗೆ ಜಿಪಿಎಸ್ ಮತ್ತು ಒಂದು ಮೊಬೈಲ್ ಸಿಮ್. ಡ್ರಿಫ್ಟರ್ ಎಂದು ಅದರ ಹೆಸರು. ನಾವು ತೇಲು ಎನ್ನುತ್ತಿದ್ದೆವು. ಕೊಳವೆಯ ಕೆಳಗೆ, ನೀರಿನೊಳಗೆ, ನಾಲ್ಕು ಮೂಲೆಯ ಬಟ್ಟೆಯ ಪರದೆ ಕಟ್ಟಿರುತ್ತೇವೆ. ಪರದೆ ಇದ್ದರೆ ತೇಲು ಗಾಳಿಗೆ ಹೋಗುವುದಿಲ್ಲ, ನೀರು ಕರೆದೊಯ್ದಲ್ಲಿಗೇ ಹೋಗುತ್ತದೆ. ನಿಮಿಷಕ್ಕೊಮ್ಮೆ ತಾನು ಎಲ್ಲಿದ್ದೇನೆ ಎಂದು ಉಪಗ್ರಹದಿಂದ ತಿಳಿದು ನಮಗೆ ಕಳಿಸುತ್ತದೆ. ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಹೋಯಿತು ಎಂದು ನೋಡಿದರೆ ಉಬ್ಬರ ಇಳಿತದ ಸೆಳೆತ ಎಷ್ಟು, ಎತ್ತ ಎಂಬುದು ಸಿಗುತ್ತದೆ. ಪರದೆ ಕಳಚಿದರೆ ಮಾತ್ರ ಆ ಅಳತೆ ಕೆಲಸಕ್ಕೆ ಬಾರದು.

ಪರದೆಗಳನ್ನು ಹೊಲಿದುಕೊಟ್ಟವನು ಅಲೀಪುರದ ಒಬ್ಬ ಟೈಲರ್. ಟಾರ್ಪಾಲಿನ ಬಟ್ಟೆ ಕೊಟ್ಟು ಅಳತೆ ಹೇಳಿದಾಗ ಅವನು ನನ್ನನ್ನು ಮೇಲೆ ಕೆಳಗೆ ನೋಡಿ, “ಯೇ ಯಾರಿಗೆ ಮೇಡಂ, ತೋಳೂ ಇಲ್ಲ, ಕುತ್ತಿಗೇನೂ ಇಲ್ಲ?” ಎಂದ. ಸಮುದ್ರಕ್ಕೆ ಎಂದೆ. ಅವನು ನಕ್ಕು, ಆಮೇಲೆ ಗಂಭೀರವಾಗಿ, ಅಂಚುಗಳಿಗೆಲ್ಲ ಮೂರು ಮೂರು ಹೊಲಿಗೆ ಹಾಕಿದ. ಶಿಡ್ಲಘಟ್ಟದ ಹತ್ತಿರದ ಒಂದು ಕೆರೆಯಲ್ಲಿ ಅವನ್ನು ಪರೀಕ್ಷೆ ಮಾಡಿದೆವು. ಬೆಂಗಳೂರಿನಿಂದ ಶುದ್ಧೀಕರಿಸಿದ ಕೊಳಚೆನೀರು ಬರಲು ಶುರುವಾದ ಮೇಲೆ ತುಂಬಿದ ಕೆರೆ ಅದು. ದಡದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸರು, ನಾವು ಮೀನು ಹಿಡಿಯಲು ಹೊಸ ಯಂತ್ರ ತಂದಿದ್ದೇವೆಂದುಕೊಂಡು ಬಹಳ ಹೊತ್ತು ನಿಂತು ನೋಡಿದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಉತ್ತರ ಕನ್ನಡದ ಒಂದು ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಬಾಯಲ್ಲಿ, ಕೆಲಸ ಬಂತು. ಮೀನಿನ ಎಣ್ಣೆ, ಹಿಟ್ಟು ತಯಾರಿಸುವ ಒಂದು ಕಾರ್ಖಾನೆ ಅಲ್ಲಿ ಬರುವುದಿತ್ತು. ಅದರ ಕೊಳೆನೀರನ್ನು ಪೈಪಿನಲ್ಲಿ ಅಳಿವೆಗೆ ಬಿಟ್ಟರೆ ಅದು ಕಡಲಿಗೆ ಹೋಗುತ್ತದೆಯೋ ಒಳಕ್ಕೆ ಮರಳುತ್ತದೆಯೋ ಎಂದು ಕಾರ್ಖಾನೆಯವರಿಗೆ ಅಳೆದುಕೊಡಬೇಕಿತ್ತು. ಸ್ಥಳದ ಉಸ್ತುವಾರಿ ಮೊದಲ ಬಾರಿಗೆ ನನ್ನದು. ಐದು ತೇಲುಗಳನ್ನು ಹಳೆಯ ಸೀರೆಗಳಲ್ಲಿ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಹೊರಟೆ.

ಅಲ್ಲಿ ನಮಗೆ ದೋಣಿ ಕೊಟ್ಟವರು ಅರವತ್ತರ ಸಮೀಪದ ಒಬ್ಬ ಮೀನುಗಾರ. ಅವರ ಹೆಂಡತಿ ಇಳಿತದ ಹೊತ್ತಿನಲ್ಲಿ ಅಳಿವೆಯ ಒಳಬದಿಯ ಕೆಸರು ದಿಬ್ಬದಲ್ಲಿ ಬಳಚು ಆರಿಸುವವರು. ಬಳಚು ಎಂದರೆ ಚಿಪ್ಪಿನೊಳಗಿನ ಮೀನು. ಆ ಕೇರಿಯ ಹೆಂಗಸರೆಲ್ಲ ಬದುಕುತ್ತಿದ್ದುದು ಅದರಿಂದಲೇ. ನಾನು ಅವರ ಮನೆಯಲ್ಲೇ ಉಳಿದೆ. ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಮೊದಲ ದಿನವೇ ದೋಣಿಯವರು ನನ್ನ ಪೆಟ್ಟಿಗೆಗಳನ್ನು ನೋಡಿ ಹೇಳಿದರು: “ಇಷ್ಟೆಲ್ಲ ಬೇಡಾಗಿತ್ತು ಮೇಡಂ. ನನ್ನ ಕೇಳಿದ್ರೆ ನಾ ಹೇಳ್ತಿದ್ದೆ. ನೀರು ಹೋಗೂದು ಒಂದು ದಾರಿ, ಬರೂದು ಒಂದು ದಾರಿ.”

“ನೀವು ಹೇಳಿದ್ರೆ ಸರ್ಕಾರ ಒಪ್ಪಲ್ವಲ್ಲ ಅಣ್ಣ. ಇದು ಹೇಳಿದ್ರೆ ಒಪ್ತಾರೆ,” ಎಂದೆ. ನಾನು ಅದನ್ನು ನಂಬಿಯೇ ಹೇಳಿದ್ದು.

ಅಷ್ಟಮಿಯ ಆಸುಪಾಸಿನ ಮೂರು ದಿನ ಅಳೆದೆವು. ಆಗ ಉಬ್ಬರಕ್ಕೆ ಬಲವಿಲ್ಲ, ನದಿಯಲ್ಲಿ ಮಳೆಯ ನೀರು ಇನ್ನೂ ಇತ್ತು. ಬೆಳಿಗ್ಗೆ ಬಿಟ್ಟ ಐದೂ ತೇಲುಗಳು ಮೂರು ದಿನವೂ ನೇರ ಕಡಲಿಗೆ ಹೋದವು. ದೋಣಿಯಲ್ಲಿ ಬೆನ್ನಟ್ಟಿ ಹಿಡಿದು ತಂದೆವು. ದೋಣಿಯ ಕುಲುಕಾಟಕ್ಕೆ ನಾನು ವಾಂತಿ ಮಾಡಿಕೊಂಡು ಸುಸ್ತಾಗಿದ್ದೆ. ಯಜಮಾನರು ಫೋನಿನಲ್ಲಿ, “ಭೇಷ್. ಸಾಕು, ಬಂದ್ಬಿಡಮ್ಮ” ಎಂದರು.

“ಹುಣ್ಣಿಮೇಲೂ ನೋಡ್ಬೇಕಲ್ವಾ ಸಾರ್? ದೊಡ್ಡ ಉಬ್ಬರ ಆಗ್ಲೇ ಬರೋದು,” ಎಂದೆ. ಅವರು ಇನ್ನೆಷ್ಟು ದಿನ ಎಂದು ಕೇಳಿ, ಸರಿ ನೋಡು ಎಂದರು. ನನ್ನ ಶ್ರದ್ಧೆ ಅವರಿಗೆ ಹಿಡಿಸಿತು ಎಂದುಕೊಂಡೆ.

ಹುಣ್ಣಿಮೆಯಂದು ಮಧ್ಯಾಹ್ನ ನೀರು ತುಂಬಿ ನಿಂತಾಗ, ಪೈಪು ಬರಲಿದ್ದ ಜಾಗದಲ್ಲೇ ಐದು ತೇಲುಗಳನ್ನು ಬಿಟ್ಟೆವು. ಇಳಿತಕ್ಕೆ ಎಲ್ಲವೂ ಹೊರಗೆ ಹೋದವು. ಸಂಜೆ ಸೂರ್ಯ ಇನ್ನೂ ಇದ್ದಾಗಲೇ, ಅಕ್ಕನ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡುತ್ತಿದ್ದಂತೆ, ತೇಲುಗಳ ಚುಕ್ಕಿಗಳು ನಿಂತವು. ಆಮೇಲೆ ಒಂದೊಂದಾಗಿ ತಿರುಗಿದವು. ಹೋದ ದಾರಿಯಲ್ಲಿ ಬರಲಿಲ್ಲ. ಬಡಗಣ ದಂಡೆಯನ್ನು ಹಿಡಿದು ಒಳಕ್ಕೆ ಬಂದವು. ದೋಣಿಯವರನ್ನು ಕರೆದು ತೋರಿಸಿದೆ. ಅವರು ಲ್ಯಾಪ್‌ಟಾಪಿನ ಚುಕ್ಕಿಗಳನ್ನು ನೋಡಿ, ಬೆರಳು ಮುಂದಕ್ಕೆ ಸರಿಸಿ, “ಇನ್ನು ಇಲ್ಲಿ ಬರ್ತದೆ ನೋಡಿ” ಎಂದು ಬಳಚಿನ ದಿಬ್ಬವನ್ನು ಮುಟ್ಟಿದರು.

ಮರುದಿನ ಬೆಳಿಗ್ಗೆ ನೀರಿಳಿದಾಗ ಬಳಚಿಗೆ ಹೋಗಿದ್ದ ಅಕ್ಕ ಒಂದು ತೇಲನ್ನು ಮಗುವಿನಂತೆ ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಕೆಳಗೆ ಪರದೆ ಕೆಸರು ತುಂಬಿ ಜೋತಾಡುತ್ತಿತ್ತು.

“ತಗೋ, ನಿನ್ನ ಕೂಸು ನಮ್ಮ ದಿಬ್ಬಕ್ಕೆ ಬಂದು ಮಲಗಿತ್ತು,” ಎಂದು ನಕ್ಕರು. ಬಾವಿಕಟ್ಟೆಯಲ್ಲಿ ಕುಳಿತು ಪರದೆಯ ಕೆಸರನ್ನು ತಾವೇ ತೊಳೆದುಕೊಟ್ಟರು. ಐದರಲ್ಲಿ ನಾಲ್ಕು ಅಲ್ಲೇ ಸಿಕ್ಕವು. ಹುಣ್ಣಿಮೆಯ ಆಸುಪಾಸಿನ ಇನ್ನೆರಡು ದಿನ ಬಿಟ್ಟಾಗಲೂ ಹೀಗೇ ಆಯಿತು. ಪ್ರತಿ ತೇಲನ್ನೂ ಸಿಕ್ಕ ಜಾಗದಲ್ಲೇ, ಪರದೆ ಕಾಣುವಂತೆ ಫೋಟೋ ತೆಗೆದುಕೊಂಡೆ. ಹೊರಡುವಾಗ ಅಕ್ಕ ಒಣಮೀನು ಕಟ್ಟಿಕೊಟ್ಟು, “ನೀನು ನೋಡಿದ್ದೀಯಲ್ಲ ಮಾರಾಯ್ತಿ, ಇನ್ನು ನಮಗೆ ಹೆದರಿಕೆ ಇಲ್ಲ” ಎಂದರು.

ಚಿಕ್ಕಬಳ್ಳಾಪುರಕ್ಕೆ ಬಂದು ಹತ್ತು ದಿನ ಕುಳಿತು ನಕಾಶೆಗಳನ್ನು ಮಾಡಿದೆ. ಅಷ್ಟಮಿಯ ಗೆರೆಗಳು ನೀಲಿ, ಹುಣ್ಣಿಮೆಯವು ಕೆಂಪು. ಯಜಮಾನರು ಬಹಳ ಹೊತ್ತು ನೋಡಿ, “ಒಳ್ಳೆ ಕೆಲಸ ಮಾಡಿದ್ದೀಯಮ್ಮ” ಎಂದರು. ಅವರ ದನಿಯಲ್ಲಿ ಸಂತೋಷವಿರಲಿಲ್ಲ, ಆದರೆ ಸುಳ್ಳೂ ಇರಲಿಲ್ಲ. ಒಂದು ವಾರ ಕಳೆದು ವರದಿಯ ಅಂತಿಮ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ನೀಲಿ ಗೆರೆಗಳು ಮಾತ್ರ ಇದ್ದವು. ಕೊನೆಯ ಪುಟದಲ್ಲೊಂದು ಸಾಲು: ಹುಣ್ಣಿಮೆಯ ಸಮಯದಲ್ಲಿ ತೇಲುಗಳ ಪರದೆ ಕಳಚಿದ್ದರಿಂದ ಅವು ಗಾಳಿಗೆ ಚಲಿಸಿವೆ, ಆ ಅಳತೆಗಳನ್ನು ಕೈಬಿಡಲಾಗಿದೆ. ಕೆಳಗೆ, ಸ್ಥಳದ ಉಸ್ತುವಾರಿ ಎಂಬಲ್ಲಿ, ನನ್ನ ಸಹಿಗೆ ಜಾಗ.

“ಪರದೆ ಕಳಚಿರ್ಲಿಲ್ಲ ಸಾರ್. ಫೋಟೋ ಇವೆ,” ಎಂದೆ.

“ಇವೆ ಅಂತ ನಂಗೂ ಗೊತ್ತು ಕಣಮ್ಮ.”

“ಆ ಟೈಲರ್ ಮೂರು ಮೂರು ಹೊಲಿಗೆ ಹಾಕಿದ್ದ.”

“ಟೈಲರ್ ಬಂದು ಹೇಳ್ತಾನಾ ಈಗ?” ಎಂದು ಅವರು ನಗಲು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರು ಕುಳಿತರು. “ನೋಡು, ನಮ್ಮ ಕೆರೆಗಳಿಗೆ ಬೆಂಗಳೂರಿನ ನೀರು ಬರ್ತಿಲ್ವಾ? ನಾವೇನು ಸತ್ತೋದ್ವಾ?”

“ಅದು ಶುದ್ಧ ಮಾಡಿ ಬಿಡೋದು ಸಾರ್.”

“ಇವರೂ ಮಾಡ್ತಾರೆ ಬಿಡು. ಈ ಒಂದು ಕೆಲಸ ಕೈತಪ್ಪಿದ್ರೆ ಶೆಡ್ಡಿಗೆ ಬೀಗ ಹಾಕ್ಬೇಕು. ಎಂಟು ಮನೆ ಅಮ್ಮ. ಮುಂದಿನ ವರ್ಷ ನಿನ್ನನ್ನೇ ಮುಂದೆ ಬಿಟ್ಟು ದೊಡ್ಡ ಕೆಲಸ ಮಾಡಣ. ನಿಮ್ಮಪ್ಪನ ಹೆಸರು ಉಳಿಸ್ತೀಯ.”

ಅವರು ಗದರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಗದರುವವರ ಎದುರು ನಿಲ್ಲುವುದನ್ನು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕಲಿಸಿದ್ದರು. ನಮ್ಮ ಮನೆಯಲ್ಲಿ ಕುಳಿತು ಉಂಡವರ ಎದುರು ಹೇಗೆ ನಿಲ್ಲಬೇಕು ಎಂದು ಯಾರೂ ಕಲಿಸಿರಲಿಲ್ಲ. ಊರಿನ ಯಾವ ಬೀದಿ ಎಂದು ಕೇಳದವರಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸಹಿ ಮಾಡಿದೆ.

ಮೂರು ತಿಂಗಳ ಮೇಲೆ ಆ ಊರಿನ ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿ ಸಾರ್ವಜನಿಕರ ಅಹವಾಲು ಸಭೆ ಕರೆದರು. ನಾನು ಬರಲೇಬೇಕು ಎಂದರು ಯಜಮಾನರು. ನೀಲಿ ಗೆರೆಗಳ ನಕಾಶೆಯನ್ನು ದೊಡ್ಡದಾಗಿ ಮಾಡಿಸಿ ವೇದಿಕೆಯಲ್ಲಿ ತೂಗುಹಾಕಿದ್ದರು. ಯಜಮಾನರು ಚೆನ್ನಾಗಿ ವಿವರಿಸಿದರು. ಅವರು ಮುಗಿಸಿದ ಮೇಲೆ ದೋಣಿಯವರು ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು.

“ನಾನೇನು ಕಲಿತವನಲ್ಲ,” ಎಂದರು. “ಆದರೆ ಹುಣ್ಣಿಮೆ ದಿವಸ ಬಿಟ್ಟದ್ದು ನಮ್ಮ ದಿಬ್ಬಕ್ಕೆ ಬಂದದೆ. ಅಲ್ಲಿ ಕೂತಿದಾರಲ್ಲ, ಆ ಮೇಡಮ್ಮನೇ ಬಿಟ್ಟದ್ದು. ಅವರ ಹತ್ರ ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಸಭೆ ನಡೆಸುತ್ತಿದ್ದ ಅಧಿಕಾರಿ ಮೈಕನ್ನು ನನ್ನತ್ತ ಕಳಿಸಿದರು. ಹೆಂಗಸರ ಸಾಲಿನಲ್ಲಿ ಮುಂದೆಯೇ ಅಕ್ಕ ಕುಳಿತಿದ್ದರು. ನನ್ನನ್ನು ನೋಡಿ ಧೈರ್ಯ ಹೇಳುವಂತೆ ತಲೆಯಾಡಿಸಿದರು. ನಾನು ಹೆದರಿದ್ದೇನೆ ಎಂದುಕೊಂಡಿದ್ದರು ಪಾಪ.

“ಆ ದಿನ ಬಂದಿದ್ದು ನಿಜ,” ಎಂದೆ. “ಆದರೆ ಪರದೆ ಕಳಚಿತ್ತು. ಅದು ಗಾಳಿಗೆ ಬಂದಿದ್ದು.”

ಅಕ್ಕ ಕೂಡಲೇ ಎದ್ದರು. “ಪರದೆ ಇತ್ತಲ್ಲೇ! ನಾನೇ ತೊಳೆದು ಕೊಟ್ಟೆನಲ್ಲೇ ನಿಂಗೆ!” ಎಂದು ಕೂಗಿದರು. ಅಧಿಕಾರಿ, ಒಬ್ಬೊಬ್ಬರಾಗಿ ಮಾತಾಡಿ, ಮೈಕಿನಲ್ಲಿ ಮಾತಾಡಿ ಎಂದರು. ಅವರ ತನಕ ಮೈಕು ಹೋಗುವಷ್ಟರಲ್ಲಿ ಅಕ್ಕ ಕುಳಿತುಬಿಟ್ಟಿದ್ದರು. ಆಮೇಲೆ ಅವರು ನನ್ನ ಕಡೆ ನೋಡಲಿಲ್ಲ. ಹಿಂತಿರುಗುವಾಗ ಜೀಪಿನಲ್ಲಿ ಯಜಮಾನರು ದಾರಿಯುದ್ದಕ್ಕೂ ತಮ್ಮ ಚಿಕ್ಕಂದಿನ ಚಿಂತಾಮಣಿಯ ಕಥೆಗಳನ್ನು ಹೇಳಿ ನನ್ನನ್ನು ನಗಿಸಲು ನೋಡಿದರು. ಒಂದೆರಡು ಕಡೆ ನಾನು ನಕ್ಕೆ ಕೂಡ.

ಕಾರ್ಖಾನೆ ಬಂತು, ಪೈಪು ಬಂತು. ಅವರು ಹೇಳಿದ್ದಂತೆ ದೊಡ್ಡ ಕೆಲಸಗಳೂ ಬಂದವು, ಬಡ್ತಿ ಸಿಕ್ಕಿ ನನ್ನ ಕುರ್ಚಿಗೆ ಕೈಗಳೂ ಬಂದವು. ಎರಡು ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ದೋಣಿಯವರ ನಂಬರಿನಿಂದ ಫೋನು. “ಮೇಡಂ, ಬಳಚು ಎಲ್ಲ ಬಾಯಿ ತೆರೆದು ಸತ್ತದೆ. ನಿಮಗೆ ಗೊತ್ತಿರ್ಲಿ ಅಂತ ಮಾಡಿದೆ,” ಎಂದರು. ನಾನು ಏನೋ ಹೇಳಲು ಹೋಗುವಷ್ಟರಲ್ಲಿ ಇಟ್ಟುಬಿಟ್ಟಿದ್ದರು. ಒಂದು ವಾರ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ ಮನೆಯಲ್ಲಿ ಸುಳ್ಳು ಹೇಳಿ ಒಬ್ಬಳೇ ಬಸ್ಸು ಹತ್ತಿದೆ.

ದಿಬ್ಬದ ಹತ್ತಿರ ಹೋಗಲು ಆಗದಷ್ಟು ವಾಸನೆ. ಬಿಳಿ ಚಿಪ್ಪುಗಳು ಕಾಲಿಟ್ಟಲ್ಲೆಲ್ಲ ಒಡೆಯುತ್ತಿದ್ದವು. ಸತ್ತದ್ದಕ್ಕೆ ಪೈಪಿನ ನೀರೇ ಕಾರಣ ಎಂದು ಯಾರೂ ಇನ್ನೂ ಬರೆದುಕೊಟ್ಟಿಲ್ಲ, ಆ ವರ್ಷ ಮಳೆ ಹೆಚ್ಚಾಗಿ ಸಿಹಿನೀರು ನುಗ್ಗಿತು ಎಂದು ಹೇಳುವವರೂ ಇದ್ದಾರೆ. ನಾನು ವಾದಿಸುವುದಿಲ್ಲ. ಆ ನೀರು ಎಲ್ಲಿಗೆ ಬರುತ್ತದೆ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಅಕ್ಕ ಮನೆಯಲ್ಲಿದ್ದರು. ಕಾರ್ಖಾನೆಯ ನೀಲಿ ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ಹೊರಟಿದ್ದರು. ಬಳಚು ಹೋದ ಮೇಲೆ ಕೇರಿಯ ಹೆಂಗಸರನ್ನೆಲ್ಲ ಅಲ್ಲೇ ಮೀನು ಬೇರ್ಪಡಿಸುವ ಕೆಲಸಕ್ಕೆ ತೆಗೆದುಕೊಂಡಿದ್ದರಂತೆ. ಅವರು ನನ್ನನ್ನು ಬಯ್ಯಲಿಲ್ಲ. ಕುಳಿತುಕೋ ಎಂದು ಚಾಪೆ ಹಾಕಿ ಕಪ್ಪು ಚಹಾ ಕೊಟ್ಟರು. ತಪ್ಪಾಯ್ತು ಅಕ್ಕ ಎಂದೆ. ಅವರು ಏಪ್ರನ್ನಿನ ಲಾಡಿಯನ್ನು ಬಿಗಿದುಕೊಳ್ಳುತ್ತಲೇ ಉತ್ತರಿಸಿದರು.

“ನೀ ಹೇಳಿದ್ರೆ ನಿಲ್ಲಿಸ್ತಿದ್ರಾ, ಯಾರಿಗ್ಗೊತ್ತು. ನಿಲ್ಲಿಸ್ತಿರ್ಲಿಲ್ಲ ಅಂತಲೇ ಇವರೂ ಹೇಳ್ತಾರೆ.” ಗಂಟು ಹಾಕಿ, “ನನ್ನ ಸುಳ್ಳಿ ಮಾಡಿದೆಯಲ್ಲೇ ಅಷ್ಟು ಜನರ ಎದುರು. ಅದೊಂದು ನನಗೆ ಹೋಗೂದಿಲ್ಲ,” ಎಂದರು. ಆಮೇಲೆ ಬೀಗ ಹಾಕಬೇಕು ಎಂದು ನನ್ನನ್ನು ಎಬ್ಬಿಸಿದರು. ದೋಣಿಯವರು ಆ ದಿನ ನನ್ನ ಎದುರಿಗೆ ಬರಲೇ ಇಲ್ಲ.

ಊರಿಗೆ ಬಂದ ಮೇಲೆ, ಕಾರ್ಖಾನೆಗೆ ಅನುಮತಿ ಕೊಟ್ಟ ಕಚೇರಿಗೆ ನಾಲ್ಕು ಪುಟ ಬರೆದೆ. ಹುಣ್ಣಿಮೆಯ ಮೂರು ದಿನಗಳ ಪೂರ್ತಿ ಅಳತೆ, ಕೆಂಪು ಗೆರೆಗಳ ನಕಾಶೆ, ಪರದೆ ಕಾಣುವ ಫೋಟೋಗಳು, ಎಲ್ಲವನ್ನೂ ಲಗತ್ತಿಸಿದೆ. ಅದೇ ದಿನ ರಾಜೀನಾಮೆಯನ್ನೂ ಕೊಟ್ಟೆ. ಕಚೇರಿಯವರು ನನ್ನ ಪತ್ರವನ್ನು, ವಿವರಣೆ ನೀಡಿ ಎಂಬ ಟಿಪ್ಪಣಿಯೊಂದಿಗೆ, ನೇರವಾಗಿ ನನ್ನ ಯಜಮಾನರಿಗೇ ಕಳಿಸಿದರು.

ಅವರು ಫೋನು ಮಾಡಿದರು. ಆಗಲೂ ಗದರಲಿಲ್ಲ. “ಏಮ್ಮಾ, ನನ್ನ ಮೇಲೆ ಬರ್ದಿದ್ದೀಯಂತೆ?”

“ನನ್ನ ಮೇಲೂ ಬರ್ದಿದ್ದೀನಿ ಸಾರ್.”

“ಓದ್ದೆ. ಆದ್ರೆ ವರದಿಯಲ್ಲಿ ಪರದೆ ಕಳಚಿತ್ತು ಅನ್ನೋದಕ್ಕೆ ಸಹಿ ಇರೋದು ನಿನ್ನೊಬ್ಬಳದೇ. ನಾನು ಸ್ಥಳಕ್ಕೇ ಬಂದಿರ್ಲಿಲ್ವಲ್ಲ. ನಾನು ಅದನ್ನೇ ಬರ್ದು ಕಳಿಸ್ಬೇಕಾಗ್ತದೆ, ಬೇಜಾರು ಮಾಡ್ಕೋಬೇಡ.”

ಹಾಗೆಯೇ ಬರೆದು ಕಳಿಸಿದರು. ಆ ಸಾಲಿನ ಕೆಳಗೆ ಅವರು ಯಾಕೆ ಸಹಿ ಹಾಕಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಆಗ. ನನ್ನನ್ನು ಉಸ್ತುವಾರಿಯಾಗಿ ಕಳಿಸಿದ ದಿನವೇ ಇದೆಲ್ಲ ಅವರ ತಲೆಯಲ್ಲಿತ್ತೋ, ಆಮೇಲೆ ಒದಗಿಬಂತೋ, ಇವತ್ತಿಗೂ ಗೊತ್ತಿಲ್ಲ. ಒದಗಿಬಂತು ಎಂದೇ ನಂಬಲು ನೋಡುತ್ತೇನೆ. ಇಲ್ಲವಾದರೆ ಅಮ್ಮನ ಮುದ್ದೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. ಕೊನೆಗೆ, “ನಾವು ಚೈನು ಹಿಡೀತಿದ್ವಿ. ಸಹಿ ಮಾಡೋರು ಬೇರೆ ಇದ್ರು. ನಿಂಗೆ ಸಹಿ ಮಾಡೋ ಯೋಗ ಬಂತು, ನೋಡು,” ಎಂದ. ಬಯ್ದನೋ, ಮರುಗಿದನೋ ತಿಳಿಯಲಿಲ್ಲ. ಅದಾದ ಮೇಲೆ ನನ್ನ ಕೆಲಸದ ಬಗ್ಗೆ ಅವನು ಏನನ್ನೂ ಕೇಳಿಲ್ಲ.

ಕಡಲಿನ ಕೆಲಸ ಮಾಡುವ ಬೇರೆ ಕಂಪನಿಗಳಿಗೆ ಅರ್ಜಿ ಹಾಕಿದೆ. ಅಲ್ಲೆಲ್ಲ ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಒಂದು ಕಡೆ ನಾನು ಅಳತೆ ತಿದ್ದುವವಳು, ಇನ್ನೊಂದು ಕಡೆ ಮಾಲೀಕರ ಮೇಲೆ ದೂರು ಕೊಡುವವಳು. ಎರಡೂ ನಿಜವಾದ್ದರಿಂದ ನಾನು ಯಾರ ಜತೆಗೂ ಜಗಳಕ್ಕೆ ಹೋಗಲಿಲ್ಲ. ಈಗ ಗೌರಿಬಿದನೂರಿನಲ್ಲಿ ಜಮೀನಿನ ಮರುಅಳತೆ ಮಾಡುವ ಗುತ್ತಿಗೆದಾರರ ಬಳಿ ಇದ್ದೇನೆ. ಅದೇ ಉಪಗ್ರಹಗಳು, ತೇಲಿನ ಬದಲು ಜಿಪಿಎಸ್ ಕಟ್ಟಿದ ಕೋಲು. ಕೋಲು ಊರಿದಲ್ಲಿ ನೆಲ ಅಲುಗಾಡುವುದಿಲ್ಲ. ಅಣ್ಣತಮ್ಮಂದಿರು ಎರಡು ಅಡಿಗೆ ಹೊಡೆದಾಡುವುದನ್ನು ನೋಡುತ್ತೇನೆ, ಬಂದ ಅಳತೆಯನ್ನು ಜೋರಾಗಿ ಓದಿ ಹೇಳುತ್ತೇನೆ, ಇಬ್ಬರ ಕಡೆಯಿಂದಲೂ ಬಯ್ಯಿಸಿಕೊಳ್ಳುತ್ತೇನೆ.

ಕಳೆದ ವರ್ಷ ಒಂದು ಬೆಳಿಗ್ಗೆ ಹೊಲದಲ್ಲಿದ್ದಾಗ, ನಾನು ದೂರು ಕೊಟ್ಟಿದ್ದ ಕಚೇರಿಯಿಂದ ಒಬ್ಬ ಅಧಿಕಾರಿ ಫೋನು ಮಾಡಿದರು. ನನ್ನ ಕಡತ ಅವರ ಮೇಜಿಗೆ ಹೊಸದಾಗಿ ಬಂದಿತ್ತು.

“ಮೇಡಂ, ವರದಿಗೆ ಸಹಿ ಮಾಡಿದವರೂ ನೀವೇ, ಸಭೇಲಿ ಹೇಳಿಕೆ ಕೊಟ್ಟವರೂ ನೀವೇ, ದೂರು ಕೊಟ್ಟವರೂ ನೀವೇ. ನೀವು ಸುಳ್ಳು ಹೇಳಿದ್ದು ಅವತ್ತಾ, ಇವತ್ತಾ?”

“ಅವತ್ತು,” ಎಂದೆ.

“ಹಾಗಂತ ಬರೆದುಕೊಡ್ತೀರಾ?”

ಆ ಸಂಜೆಯೇ ಬರೆದು ಕಳಿಸಿದೆ. ಸಭೆಯಲ್ಲಿ ಎದ್ದು ನಿಂತ ಹೆಂಗಸು ಹೇಳಿದ್ದೇ ನಿಜ, ನಾನು ಹೇಳಿದ್ದು ಸುಳ್ಳು ಎಂದು ಬೇರೆ ಸಾಲಿನಲ್ಲಿ ಬರೆದೆ. ಅದರ ಒಂದು ಪ್ರತಿಯನ್ನು ಅಕ್ಕನ ವಿಳಾಸಕ್ಕೂ ರಿಜಿಸ್ಟರ್ ಅಂಚೆಯಲ್ಲಿ ಹಾಕಿದೆ. ಕಚೇರಿಯಿಂದ ಉತ್ತರ ಬಂದಿಲ್ಲ. ಕೇಳಿದರೆ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಅಕ್ಕನಿಗೆ ಕಳಿಸಿದ್ದು ತಲುಪಿದೆ. ಸ್ವೀಕೃತಿ ಚೀಟಿ ಹಿಂದೆ ಬಂತು, ಅದರ ಮೇಲೆ ಹೆಬ್ಬೆಟ್ಟಿನ ಗುರುತಿತ್ತು. ಆ ಪತ್ರವನ್ನು ಅವರಿಗೆ ಯಾರಾದರೂ ಓದಿ ಹೇಳಿದರೋ ಇಲ್ಲವೋ ನನಗೆ ತಿಳಿಯದು.